ದೋಷವೆಂಬುದೂ ದ್ವೇಷವೆಂಬುದೂ

ಇತಿಹಾಸದ ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದವರೊಬ್ಬರು, ತಾವು ಎರವಲಾಗಿ ಕೊಂಡೊಯ್ದಿದ್ದ ಗ್ರಂಥವನ್ನು ಹಿಂದಿರುಗಿಸುವುದಕ್ಕೆಂದು ಅದರ ಒಡೆಯರಾದ ವಕೀಲರ ಮನೆಯ ಜಗಲಿಗೆ ಒಂದು ಸಂಜೆ ಬಂದರು. ಗ್ರಂಥವು ಹನ್ನಾ ಅರೆಂಟ್ ಎಂಬ ವಿದುಷಿಯು ಬರೆದ ‘ಜೆರೂಸಲೇಮಿನಲ್ಲಿ ಐಷ್‌ಮನ್’. ಅದನ್ನು ಅವರು ಮೇಜಿನ ಮೇಲಿಟ್ಟ ರೀತಿಯಿಂದಲೇ ಮನಸ್ಸು ಕದಡಿದೆಯೆಂಬುದು ವ್ಯಕ್ತವಾಗುತ್ತಿತ್ತು. ಕಾಫಿಯ ಲೋಟವು ಕೈಗೆ ಬರುವ ಮೊದಲೇ ಮಾತು ಆರಂಭವಾಯಿತು.

ಉಪಾಧ್ಯಾಯರು: ಇಗೋ ವಕೀಲರೇ, ತಮ್ಮ ಪುಸ್ತಕ. ಅರವತ್ತು ಲಕ್ಷ ಯೆಹೂದ್ಯರನ್ನು ನಾಜಿಗಳು ಕೊಂದ ಕಥೆಯನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವನು ನಾನು. ಕೊಂದವರ ವಿಷಯವನ್ನು ಓದುವುದಕ್ಕೆ ಎಷ್ಟು ಗಟ್ಟಿಯಾದ ಎದೆ ಬೇಕೆಂಬುದು ನನಗೆ ಗೊತ್ತಿದೆ. ಆದರೆ ಕೊಂದವರಲ್ಲೊಬ್ಬನಾದ ನಾಜಿ ಅಧಿಕಾರಿ ಐಷ್‌ಮನ್ನನ ವಿಚಾರಣೆಯನ್ನು ವರದಿ ಮಾಡಲು ಹೋಗಿ, ಸತ್ತವರನ್ನೇ ಕಟಕಟೆಗೆ ಕರೆದು ಲೆಕ್ಕ ಕೇಳುವ ಪುಸ್ತಕವನ್ನು ನಾನು ಇದುವರೆಗೆ ಕಂಡಿರಲಿಲ್ಲ. ಇದು ಯೆಹೂದ್ಯದ್ವೇಷದ ಬರಹವೆಂದು ಅಂದಿನ ಹಲವರು ಆಕ್ರೋಶಪಟ್ಟರಂತೆ. ಅವರ ಮಾತು ಅನ್ಯಾಯವೆಂದು ನನಗೆ ತೋರುವುದಿಲ್ಲ.

ವಕೀಲರು: ಮೊದಲು ಕುಳಿತುಕೊಳ್ಳಿ ಮೇಷ್ಟ್ರೇ, ಕಾಫಿ ಆರಿಹೋಗುತ್ತದೆ. ಆರೋಪವು ಎಷ್ಟು ಘೋರವೋ ಆರೋಪಪಟ್ಟಿಯು ಅಷ್ಟೇ ನಿಖರವಾಗಿರಬೇಕೆಂಬುದು ನಮ್ಮ ವೃತ್ತಿಯ ಹಳೆಯ ಪಾಠ. ತಮ್ಮನ್ನು ಚುಚ್ಚಿದ್ದು ಯಾವ ಪುಟ?

ಉಪಾಧ್ಯಾಯರು: ಒಂದೇ ಪುಟವಾಗಿದ್ದರೆ ಮಡಿಚಿ ಗುರುತಿಟ್ಟು ತರುತ್ತಿದ್ದೆ. ನಾಜಿಗಳು ತಮ್ಮ ವಶವಾದ ಪಟ್ಟಣಗಳಲ್ಲಿ ಯೆಹೂದ್ಯರ ಹಿರಿಯರಿಂದಲೇ ಆಡಳಿತ ಮಂಡಲಿಗಳನ್ನು ರಚಿಸಿ, ಜನರ ಪಟ್ಟಿಯನ್ನೂ ಆಸ್ತಿಪಾಸ್ತಿಯ ಪಟ್ಟಿಯನ್ನೂ ಅವುಗಳಿಂದಲೇ ಬರೆಯಿಸಿ, ಕಡೆಗೆ ಮರಣದ ರೈಲಿಗೆ ಜನರನ್ನು ಒಟ್ಟುಗೂಡಿಸುವ ಕೆಲಸವನ್ನೂ ಅವುಗಳ ತಲೆಗೇ ಕಟ್ಟಿದರಷ್ಟೆ. ಈ ಸಂಗತಿಯನ್ನು ಹಿಡಿದುಕೊಂಡು ಈಕೆ ಹೇಳುತ್ತಾಳೆ: ಆ ಜನಕ್ಕೆ ಸಂಘಟನೆಯೂ ನಾಯಕರೂ ಇಲ್ಲದಿದ್ದರೆ ಗೊಂದಲವೂ ಕಷ್ಟವೂ ಬೇಕಾದಷ್ಟು ಇರುತ್ತಿದ್ದುವು, ಆದರೆ ಅಷ್ಟು ಮಂದಿ ಸಾಯುತ್ತಿರಲಿಲ್ಲ ಎಂದು. ನ್ಯೂಯಾರ್ಕಿನಲ್ಲಿ ಕುಳಿತು ಆಡುವ ಮಾತೇ ಇದು? 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನಗಳಲ್ಲಿ, ಕೀವ್ ನಗರದ ಬಾಬಿ ಯಾರ್ ಕಮರಿಯಲ್ಲಿ 33,771 ಜನರನ್ನು ಗುಂಡಿಟ್ಟು ಕೊಂದುದಕ್ಕೆ ಕೊಂದವರೇ ಬರೆದಿಟ್ಟ ಲೆಕ್ಕವಿದೆ. ಅಲ್ಲಿ ಯಾವ ಮಂಡಲಿಯು ಪಟ್ಟಿ ಮಾಡಿಕೊಟ್ಟಿತ್ತು? ಗೋಡೆಗಳ ಮೇಲೆ ಒಂದು ಪ್ರಕಟನೆ ಅಂಟಿಸಿದರು, ಅಷ್ಟೇ ಸಾಕಾಯಿತು.

ವಕೀಲರು: ಅಹುದು. ಆ ವಾಕ್ಯಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ‘ಹೀಗಾಗದಿದ್ದರೆ ಹಾಗಾಗುತ್ತಿರಲಿಲ್ಲ’ ಎಂಬ ಬಗೆಯ ಊಹೆಯನ್ನು ಲಕ್ಷಾಂತರ ಪ್ರಾಣಗಳ ಲೆಕ್ಕಕ್ಕೆ ಹಚ್ಚುವುದು ಸಾಹಸವಲ್ಲ, ದುಸ್ಸಾಹಸ. ಮಂಡಲಿ ಮಂಡಲಿಗೂ ಅಜಗಜಾಂತರವಿತ್ತೆಂಬುದನ್ನು ಇಸಾಯಾ ಟ್ರಂಕ್ ಎಂಬ ಇತಿಹಾಸಕಾರರು 1972ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು ತೋರಿಸಿಕೊಟ್ಟರು. ವಾರ್ಸಾದ ಮಂಡಲಿಯ ಮುಖ್ಯನಾದ ಆಡಮ್ ಚೆರ್ನಿಯಾಕೋವ್, ಜನರನ್ನು ರೈಲಿಗೆ ಒಪ್ಪಿಸಬೇಕೆಂಬ ಆಜ್ಞೆ ಬಂದ ಮಾರನೆಯ ದಿನ, 1942ರ ಜುಲೈ 23ರಂದು, ವಿಷ ತೆಗೆದುಕೊಂಡು ಸತ್ತನು. ವುಚ್ ನಗರದ ರುಮ್‌ಕೋವ್ಸ್ಕಿಯಾದರೋ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಾಯಂದಿರ ಮುಂದೆ ನಿಂತು, ನಿಮ್ಮ ಮಕ್ಕಳನ್ನು ಒಪ್ಪಿಸಿಬಿಡಿ, ಉಳಿದವರಾದರೂ ಉಳಿಯಲಿ ಎಂದು ಅಂಗಲಾಚಿದನು. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು; ಅರೆಂಟಳ ತಕ್ಕಡಿಯು ಆ ಕೆಲಸಕ್ಕೆ ಒರಟಾಗಿತ್ತು. ಇದು ಆಕೆಯ ದೋಷ. ಆದರೆ ತಾವು ಹೇಳುತ್ತಿರುವ ಶಬ್ದ ಬೇರೆ, ಅದು ದ್ವೇಷ. ಉಚ್ಚಾರಣೆಯಲ್ಲಿ ಹತ್ತಿರವಾದ ಈ ಎರಡು ಶಬ್ದಗಳು ಅರ್ಥದಲ್ಲಿ ಬಹುದೂರ.

ಉಪಾಧ್ಯಾಯರು: ಶಬ್ದಗಳೊಡನೆ ಆಟವಾಡುವುದು ವಕೀಲರಿಗೆ ಸುಲಭ. ಪ್ಯಾರಿಸ್ಸಿನ ‘ನೂವೆಲ್ ಒಬ್ಸರ್ವತೂರ್’ ವಾರಪತ್ರಿಕೆಯು 1966ರಲ್ಲಿ, ಈಕೆಯು ನಾಜಿಯೇ ಎಂಬ ಪ್ರಶ್ನೆಯನ್ನೇ ಶಿರೋನಾಮೆಯಾಗಿ ಹಾಕಿತಂತೆ. ಕಾರಣವಿಲ್ಲದೆ ಹಾಗೆ ಹಾಕಿತೇ? ಇನ್ನು ತಾವು ಮಾಡುವ ಮೊದಲ ಸಮರ್ಥನೆ ಯಾವುದೆಂಬುದನ್ನೂ ನಾನೇ ಹೇಳಿಬಿಡುತ್ತೇನೆ: ಆಕೆ ಸ್ವತಃ ಯೆಹೂದ್ಯ ವಂಶದವಳು, 1933ರಲ್ಲಿ ಬರ್ಲಿನ್ನಿನಲ್ಲಿ ಸೆರೆಯಾದವಳು, ಫ್ರಾನ್ಸಿಗೆ ಓಡಿದವಳು, ಗುರ್ಸ್ ಶಿಬಿರದಲ್ಲಿ ಮುಳ್ಳುತಂತಿಯ ಹಿಂದೆ ಇದ್ದವಳು, 1941ರಲ್ಲಿ ಅಮೆರಿಕೆಯನ್ನು ಸೇರಿ ಪ್ರಾಣ ಉಳಿಸಿಕೊಂಡವಳು, ಇಂಥವಳು ತನ್ನವರನ್ನೇ ದ್ವೇಷಿಸುವುದುಂಟೇ ಎಂದು.

ವಕೀಲರು: ಆ ಕಾಗದವನ್ನು ನಾನು ಕಡತಕ್ಕೆ ಸೇರಿಸುವುದೇ ಇಲ್ಲ, ಮೇಷ್ಟ್ರೇ. ಜನ್ಮವು ಯಾರಿಗೂ ಪರವಾನಗಿಯಲ್ಲ. ವಿಯೆನ್ನಾದ ಓಟೋ ವೈನಿಂಗರ್ ಎಂಬ ತರುಣನು ಯೆಹೂದ್ಯ ತಂದೆತಾಯಿಗಳ ಮಗ. 1903ರಲ್ಲಿ ಅವನು ಬರೆದ ಪುಸ್ತಕದಲ್ಲಿ ಯೆಹೂದ್ಯರ ಮೇಲೆ ಕಾರಿದ ತಿರಸ್ಕಾರವು ಶುದ್ಧ ದ್ವೇಷವೇ ಆಗಿತ್ತು. ಆದುದರಿಂದ ಹುಟ್ಟನ್ನು ಮುಂದೆ ಮಾಡಿ ಬಿಡುಗಡೆ ಕೇಳುವುದು ಅರೆಂಟಳಿಗೂ ಗೌರವವಲ್ಲ. ಆದರೂ ತಾವು ಹೇಳಿದ ಆ 1933ರ ಬಂಧನದ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಸಿಯೋನ್‌ವಾದಿ ಮುಖಂಡರಾದ ಕುರ್ಟ್ ಬ್ಲುಮೆನ್‌ಫೆಲ್ಟರ ಕೋರಿಕೆಯಂತೆ, ಜರ್ಮನಿಯ ನಾನಾ ಸಂಘಸಂಸ್ಥೆಗಳು ಯೆಹೂದ್ಯರ ವಿರುದ್ಧ ಆಡುತ್ತಿದ್ದ ಮಾತುಗಳನ್ನು ಗ್ರಂಥಾಲಯದಲ್ಲಿ ಕುಳಿತು ಸಂಗ್ರಹಿಸುತ್ತಿದ್ದುದೇ ಆಕೆಯ ಅಪರಾಧವಾಗಿತ್ತು. ಯೆಹೂದ್ಯದ್ವೇಷಕ್ಕೆ ಸಾಕ್ಷ್ಯ ಕೂಡಿಸಿದುದಕ್ಕಾಗಿ ಸೆರೆಮನೆ ಕಂಡವಳು ಮೂವತ್ತು ವರ್ಷಗಳ ತರುವಾಯ ಅದೇ ದ್ವೇಷದ ಆಪಾದನೆಯನ್ನು ಹೊತ್ತಳು. ಆ ಬ್ಲುಮೆನ್‌ಫೆಲ್ಟರೂ 1963ರ ಮೇ ತಿಂಗಳಿನಲ್ಲಿ, ಅರೆಂಟಳ ಈ ಬರಹದ ದೆಸೆಯಿಂದ ಹುಟ್ಟಿದ ಮನಸ್ತಾಪವು ತಿಳಿಯಾಗುವ ಮೊದಲೇ, ತೀರಿಕೊಂಡರು. ಇದನ್ನು ನಾನು ಸಾಕ್ಷ್ಯವೆಂದು ಹೇಳುತ್ತಿಲ್ಲ; ಮನುಷ್ಯರ ಕಥೆಯೆಂದು ಹೇಳುತ್ತಿದ್ದೇನೆ.

ಉಪಾಧ್ಯಾಯರು: ಹಾಗಾದರೆ ಸಾಕ್ಷ್ಯ ಯಾವುದು?

ವಕೀಲರು: ಆಕೆ ಎತ್ತಿದ ಪ್ರಶ್ನೆಯನ್ನು ಆಕೆಗಿಂತ ಮೊದಲು ಯಾರು ಎತ್ತಿದ್ದರೆಂಬುದನ್ನು ನೋಡೋಣ. ಐಷ್‌ಮನ್ನನನ್ನು 1960ರ ಮೇ ತಿಂಗಳಿನಲ್ಲಿ ಅರ್ಜೆಂಟೀನಾದಿಂದ ಹಿಡಿದು ತಂದು, 1961ರ ಏಪ್ರಿಲ್ 11ರಿಂದ ಜೆರೂಸಲೇಮಿನಲ್ಲಿ ವಿಚಾರಣೆಗೆ ಗುರಿಮಾಡಿದುದು 1950ರ ಒಂದು ಶಾಸನದ ಮೇರೆಗೆ. ಆ ಶಾಸನವು ನಾಜಿಗಳನ್ನೂ ನಾಜಿಗಳ ಸಹಕಾರಿಗಳನ್ನೂ ಶಿಕ್ಷಿಸುವುದಕ್ಕಾಗಿ ಇಸ್ರೇಲಿನ ಶಾಸನಸಭೆಯು ಮಾಡಿದ್ದು. ಐಷ್‌ಮನ್ನನು ಸಿಕ್ಕುವುದಕ್ಕೆ ಮೊದಲು, ಸುಮಾರು ಹತ್ತು ವರ್ಷ, ಆ ಶಾಸನದಡಿಯಲ್ಲಿ ಕಟಕಟೆ ಹತ್ತಿದವರಲ್ಲಿ ಬಹುಮಂದಿ ಯಾರು ಬಲ್ಲಿರಾ? ಶಿಬಿರಗಳಲ್ಲಿ ಮೇಸ್ತ್ರಿಗಳಾಗಿಯೂ ಕಾವಲುಗಾರರಾಗಿಯೂ ನಿಯುಕ್ತರಾಗಿದ್ದ ಯೆಹೂದ್ಯರೇ. ಅವರನ್ನು ರಸ್ತೆಯಲ್ಲಿ ಗುರುತು ಹಿಡಿದು ದೂರು ಕೊಟ್ಟವರು ಬದುಕಿ ಬಂದ ಸಹಬಂದಿಗಳು.

ಇನ್ನೂ ಮುಂದೆ ಕೇಳಿ. 1944ರಲ್ಲಿ ಬುಡಾಪೆಸ್ಟಿನಲ್ಲಿ ಐಷ್‌ಮನ್ನನೊಡನೆಯೇ ಮಾತುಕತೆ ನಡೆಸಿ ಸುಮಾರು 1,700 ಜನರನ್ನು ಒಂದು ರೈಲಿನಲ್ಲಿ ಪಾರುಮಾಡಿದ ರುಡೋಲ್ಫ್ ಕಸ್ಟ್ನರ್ ಎಂಬಾತನಿದ್ದನಲ್ಲವೇ? ಲಕ್ಷಾಂತರ ಜನರಿಗೆ ಬರಲಿರುವ ಮೃತ್ಯುವನ್ನು ಮರೆಮಾಚಿ ಕೆಲವರನ್ನು ಉಳಿಸಿಕೊಂಡನೆಂಬ ನಿಂದೆಗೆ ಅವನು ಗುರಿಯಾದನು. ಅವನ ಮಾನವನ್ನು ಕಾಪಾಡುವುದಕ್ಕೆಂದು ಸರ್ಕಾರವೇ ಹೂಡಿದ ಮೊಕದ್ದಮೆಯಲ್ಲಿ, ಜೆರೂಸಲೇಮಿನ ನ್ಯಾಯಾಧೀಶ ಬೆಂಜಮಿನ್ ಹಲೇವಿಯು 1955ರಲ್ಲಿ, ಈತನು ತನ್ನ ಆತ್ಮವನ್ನು ಸೈತಾನನಿಗೆ ಮಾರಿಕೊಂಡನೆಂಬ ಅರ್ಥ ಬರುವಂತೆ ತೀರ್ಪಿನಲ್ಲಿ ಬರೆದುಬಿಟ್ಟನು. ಕಸ್ಟ್ನರನನ್ನು 1957ರಲ್ಲಿ ಗುಂಡಿಟ್ಟು ಕೊಂದರು. 1958ರಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪಿನ ಹೆಚ್ಚು ಭಾಗವನ್ನು ರದ್ದುಮಾಡಿತು. ಆ ಹಲೇವಿಯೇ ಮುಂದೆ ಐಷ್‌ಮನ್ನನ ವಿಚಾರಣೆಗೆ ಕುಳಿತ ಮೂವರಲ್ಲಿ ಒಬ್ಬನು. ಹೀಗಿರುವಾಗ, ಹೀಬ್ರೂ ಭಾಷೆಯಲ್ಲಿ ನ್ಯಾಯಾಧೀಶನು ಕೇಳಿದರೆ ನ್ಯಾಯವಿಚಾರಣೆ ಎನ್ನಿಸಿಕೊಂಡ ಪ್ರಶ್ನೆಯು, ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು ಕೇಳಿದೊಡನೆ ಜನಾಂಗದ್ವೇಷವಾಗುವುದು ಯಾವ ನ್ಯಾಯ?

ಉಪಾಧ್ಯಾಯರು: ಅದೇ ನ್ಯಾಯ, ಸ್ವಾಮೀ! ಅಣ್ಣತಮ್ಮಂದಿರು ನಡುಮನೆಯಲ್ಲಿ ಕೂಗಾಡಿದರೆ ಅದು ಜಗಳ. ಅದೇ ಮಾತನ್ನು ಬೀದಿಯ ಜಗಲಿಯ ಮೇಲೆ ನಿಂತು, ನೆನ್ನೆಯವರೆಗೂ ಮನೆಗೆ ಬೆಂಕಿಯಿಡುತ್ತಿದ್ದವರ ಕಿವಿಗೆ ಬೀಳುವಂತೆ ಆಡಿದರೆ ಅದು ಮನೆಹಾಳು ಕೆಲಸ. ಈ ಪುಸ್ತಕವು 1964ರಲ್ಲಿ ಜರ್ಮನ್ ಭಾಷೆಗೂ ಬಂತು. ‘ನೋಡಿದಿರಾ, ಅವರವರೇ ಸೇರಿಕೊಂಡಿದ್ದರು’ ಎಂದು ಹೇಳಿಕೊಂಡು ಹಾಯಾಗಿ ನಿದ್ರಿಸುವುದಕ್ಕೆ ಅಲ್ಲಿಯವರಿಗೆ ಇದೊಂದು ದಿಂಬಾಗಲಿಲ್ಲವೇ?

ವಕೀಲರು: ದಿಂಬು ಹುಡುಕುವವನಿಗೆ ಕಲ್ಲೂ ದಿಂಬಾದೀತು. ಆದರೆ ಈ ಪುಸ್ತಕದಲ್ಲಿ ಜರ್ಮನರಿಗೆ ತಲೆಯೂರುವ ಜಾಗವೆಲ್ಲಿದೆ? ನಾಜಿಗಳ ನ್ಯೂರೆಂಬರ್ಗ್ ಶಾಸನಗಳಿಗೆ ಭಾಷ್ಯ ಬರೆದ ಹಾನ್ಸ್ ಗ್ಲೋಬ್ಕೆಯು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೌವರನ ಕಾರ್ಯಾಲಯದಲ್ಲಿ ಉನ್ನತಾಧಿಕಾರಿಯಾಗಿ 1963ರವರೆಗೂ ಕುಳಿತಿದ್ದನೆಂಬುದನ್ನೂ, ಕೊಲೆಗಡುಕರಿಗೆ ಅಲ್ಲಿಯ ನ್ಯಾಯಾಲಯಗಳು ವಿಧಿಸುತ್ತಿದ್ದ ಶಿಕ್ಷೆಗಳು ಎಷ್ಟು ಹಗುರವಾಗಿದ್ದುವೆಂಬುದನ್ನೂ ಆಕೆ ಬರೆದಿರುವ ಕಟುತ್ವವನ್ನು ತಾವು ಮರೆತಂತಿದೆ. ನಾನು ಆರೋಪವನ್ನು ಪರೀಕ್ಷಿಸುವಾಗ ಹಿಡಿಯುವ ಕ್ರಮ ಇದು: ಬರಹವು ಕೃತ್ಯದ ಹೊಣೆಯನ್ನು ಯಾರ ಮೇಲೆ ಹೊರಿಸುತ್ತದೆ, ಯಾತಕ್ಕಾಗಿ ಹೊರಿಸುತ್ತದೆ? ಯೆಹೂದ್ಯದ್ವೇಷಿಯು ಒಬ್ಬ ಯೆಹೂದ್ಯನು ಮಾಡಿದುದಕ್ಕೆ ಎಲ್ಲ ಯೆಹೂದ್ಯರನ್ನೂ ಹೊಣೆಮಾಡುತ್ತಾನೆ, ಮಾಡಿದುದಕ್ಕಲ್ಲ, ಇರುವುದಕ್ಕೆ. ಅರೆಂಟಳು ಹೆಸರು ಹಿಡಿದು ಕೆಲವರನ್ನು, ಅವರ ಕೈಯಾರೆ ನಡೆದ ಕೆಲಸಕ್ಕಾಗಿ, ಪ್ರಶ್ನಿಸುತ್ತಾಳೆ. ಸಾಮಾನ್ಯ ಜನರು ಏಕೆ ತಿರುಗಿಬೀಳಲಿಲ್ಲವೆಂದು ಸರ್ಕಾರದ ವಕೀಲ ಗಿಡಿಯನ್ ಹೌಸ್ನರನು ಸಾಕ್ಷಿಯಾಗಿ ಬಂದವರನ್ನು ಮತ್ತೆ ಮತ್ತೆ ಕೇಳಿದಾಗ, ಆ ಪ್ರಶ್ನೆ ಕ್ರೂರವೆಂದೂ ಮೂರ್ಖತನದ್ದೆಂದೂ ಅದರ ಮೇಲೆ ಹರಿಹಾಯ್ದವಳು ಇದೇ ಅರೆಂಟ್.

ಉಪಾಧ್ಯಾಯರು: ಜನಸಾಮಾನ್ಯರ ಮೇಲೆ ಅಷ್ಟೊಂದು ಮಮತೆಯಿದ್ದವಳು, ವಿಚಾರಣೆ ಆರಂಭವಾದ ದಿನಗಳಲ್ಲಿ ತನ್ನ ಗುರು ಕಾರ್ಲ್ ಯಾಸ್ಪರ್ಸರಿಗೆ ಬರೆದ ಕಾಗದವನ್ನು ಓದಿದ್ದೀರಾ? ಜೆರೂಸಲೇಮಿನ ಬಾಗಿಲಲ್ಲಿ ನಿಂತ ಪೊಲೀಸರನ್ನೂ, ಪೂರ್ವದೇಶಗಳಿಂದ ಬಂದ ಯೆಹೂದ್ಯರ ಗುಂಪನ್ನೂ ಕಂಡು ಆಕೆಗೆ ಮೈ ಜುಮ್ಮೆಂದಿತಂತೆ; ಹೊರಗಿರುವ ಗುಂಪು ಪೌರಸ್ತ್ಯವೆಂದು ಮುಖ ಸಿಂಡರಿಸಿದಳು. ಪೌರಸ್ತ್ಯರಾದ ನಾವು ಅದನ್ನು ಓದಿ ಸುಮ್ಮನಿರಬೇಕೇ?

ವಕೀಲರು: ಸುಮ್ಮನಿರಬೇಕಾಗಿಲ್ಲ. ಆ ಕಾಗದವನ್ನು ಓದಿದಾಗ ನನಗೂ ಕಸಿವಿಸಿಯಾಯಿತು. ಅದು ಬರ್ಲಿನ್ನಿನ ಮಡಿ, ಮೇಷ್ಟ್ರೇ. ಪೋಲೆಂಡಿನಿಂದ ಬಂದ ಯೆಹೂದ್ಯನನ್ನು ಕಂಡರೆ ಜರ್ಮನಿಯ ಯೆಹೂದ್ಯನು ಸೆರಗು ಸೋಕದಂತೆ ಸರಿದು ನಿಲ್ಲುತ್ತಿದ್ದ ಕಾಲದಲ್ಲಿ ಬೆಳೆದವಳು ಆಕೆ. ಆ ಮಡಿಯು ನಮ್ಮ ಅಗ್ರಹಾರಗಳಿಗೆ ಹೊಸದೇನಲ್ಲ. ಖಾಸಗಿಯಾಗಿ ಬರೆದ ಕಾಗದವೆಂಬುದರಿಂದ ಕಲೆಯು ಕಲೆಯಲ್ಲದೆ ಹೋಗುವುದಿಲ್ಲ. ಅದು ಆಕೆಯ ಖಾತೆಯಲ್ಲಿ ಇರಲಿ. ಆದರೆ ವಿಚಾರಣೆಗೆ ಬಂದಿರುವುದು ಈ ಪುಸ್ತಕವೋ, ಆ ಮನುಷ್ಯಳೋ? ಎರಡನ್ನೂ ಬೆರೆಸಿದರೆ ಯಾರ ಬರಹವೂ ಉಳಿಯಲಾರದು.

ಉಪಾಧ್ಯಾಯರು: ಪುಸ್ತಕಕ್ಕೇ ಬರೋಣ. ಐಷ್‌ಮನ್ನನು ರಾಕ್ಷಸನಲ್ಲ, ಯೋಚನೆಯೇ ಇಲ್ಲದ ಗುಮಾಸ್ತ. ಅವನ ದುಷ್ಟತನ ಸಪ್ಪೆಯಾದದ್ದು, ಕ್ಷುಲ್ಲಕವಾದದ್ದು ಎಂದಳಷ್ಟೆ. ಆದರೆ 1957ರ ಸುಮಾರಿನಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ಸಾಸೆನ್ ಎಂಬ ಹಳೆಯ ನಾಜಿಯ ಎದುರು ಇದೇ ಗುಮಾಸ್ತನು ಎದೆಯುಬ್ಬಿಸಿ ಮಾತನಾಡಿದ್ದಾನೆ. ಯೆಹೂದ್ಯರನ್ನೆಲ್ಲ ಕೊಂದು ಮುಗಿಸಲಾಗಲಿಲ್ಲವಲ್ಲಾ ಎಂಬ ಕೊರಗನ್ನು ಧ್ವನಿಮುದ್ರಿಕೆಯಲ್ಲಿ ತೋಡಿಕೊಂಡಿದ್ದಾನೆ. ಬೆಟಿನಾ ಶ್ಟಾಂಗ್‌ನೆತ್ ಎಂಬ ಜರ್ಮನ್ ವಿದುಷಿಯು 2011ರಲ್ಲಿ ಅದನ್ನೆಲ್ಲ ಬಯಲಿಗೆಳೆದಳು. ಹೌಸ್ನರನು ಜುಲೈ ತಿಂಗಳಿನಲ್ಲಿ ಅವನನ್ನು ಪಾಟೀಸವಾಲಿಗೆ ಎಳೆದಾಗ ಅರೆಂಟಳು ನ್ಯಾಯಾಲಯದಲ್ಲಿ ಇರಲೇ ಇಲ್ಲ! ಪೊಲೀಸರು ಬರೆದುಕೊಂಡ ಅವನ ಹೇಳಿಕೆಯ ಸುಮಾರು 3,600 ಪುಟಗಳನ್ನು ಓದಿ, ಎಷ್ಟೋ ಸಲ ಗಟ್ಟಿಯಾಗಿ ನಕ್ಕೆನೆಂದು ತಾನೇ ಹೇಳಿಕೊಂಡಿದ್ದಾಳೆ. ನಗುವ ವಿಷಯವೇ ಅದು?

ವಕೀಲರು: ಗಾಜಿನ ಪೆಟ್ಟಿಗೆಯೊಳಗೆ ಕುಳಿತಿದ್ದ ಆ ಮನುಷ್ಯನು ತಾನೊಂದು ಹಲ್ಲುಚಕ್ರ ಮಾತ್ರವೆಂದು ವೇಷ ಕಟ್ಟಿದನು, ಆ ವೇಷಕ್ಕೆ ಆಕೆ ಬಹುಮಟ್ಟಿಗೆ ಮೋಸಹೋದಳು. ಒಪ್ಪಿದೆ. ಆದರೆ ಗಲ್ಲಿನಿಂದ ಅವನನ್ನು ಬಿಡಿಸಿ ಎಂದು ಬರೆದವಳಲ್ಲ. ಗಲ್ಲುಶಿಕ್ಷೆಯು ತಕ್ಕುದೆಂದು, ಆ ಮೂವರು ನ್ಯಾಯಾಧೀಶರು ಆಡಬೇಕಾಗಿದ್ದ ಮಾತುಗಳನ್ನು ತಾನೇ ರಚಿಸಿ ಪುಸ್ತಕದ ಕೊನೆಯಲ್ಲಿ ಇಟ್ಟಳು. ಅವನನ್ನು ಗಲ್ಲಿಗೇರಿಸಿದ್ದು 1962ರ ಮೇ ತಿಂಗಳ ಕಡೆಯ ರಾತ್ರಿ. ಭಸ್ಮವನ್ನು ದೇಶದ ಎಲ್ಲೆಯಾಚೆ ಸಮುದ್ರದಲ್ಲಿ ಚೆಲ್ಲಿದರು. ಆಕೆಯ ಪುಸ್ತಕದಲ್ಲಿ ಅದಕ್ಕೆ ಒಂದು ತೊಟ್ಟು ಕಣ್ಣೀರೂ ಇಲ್ಲ. ನಗುವಿನ ಮಾತು ಬೇರೆ. ದುಃಖವನ್ನು ಕಣ್ಣೀರಿನಲ್ಲಿಯೇ ತೋರಿಸಬೇಕೆಂಬ ಕಟ್ಟಳೆಗೆ ಒಗ್ಗದ ಸ್ವಭಾವಗಳುಂಟು. ಅಂಥವರ ಮಾತು ಸೂತಕದ ಮನೆಯಲ್ಲಿ ಕೇಳಬಾರದ ಸದ್ದಿನಂತೆ ಕೇಳುತ್ತದೆಂಬುದೂ ಉಂಟು.

ಮೇಷ್ಟ್ರೇ, ನಾನು ಈ ವಿಷಯದಲ್ಲಿ ಹಿಡಿದಿರುವುದು ಒಂದೇ ಹಟ. ತಪ್ಪಿಗೂ ದ್ವೇಷಕ್ಕೂ ಇರುವ ಭೇದವು, ಪ್ರಮಾಣ ಎದುರಾದಾಗ ಏನಾಗುತ್ತದೆಂಬುದರಲ್ಲಿ ಗೊತ್ತಾಗುತ್ತದೆ. ‘ಸಿಯೋನಿನ ಹಿರಿಯರ ಗುಪ್ತ ನಿರ್ಣಯಗಳು’ ಎಂಬ, ಯೆಹೂದ್ಯರು ಲೋಕವನ್ನೇ ಆಳಲು ಸಂಚು ಹೂಡಿದ್ದಾರೆನ್ನುವ ಹೊಲಸು ಪುಸ್ತಕದ ವಿಷಯವನ್ನು ತಾವು ಪಾಠ ಹೇಳಿದ್ದೀರಿ. ಅದು 1903ರಲ್ಲಿ ರಷ್ಯದಲ್ಲಿ ಅಚ್ಚಾಯಿತು. 1921ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಫಿಲಿಪ್ ಗ್ರೇವ್ಸ್ ಎಂಬಾತನು, ಇದು 1864ರಲ್ಲಿ ಮೋರಿಸ್ ಜೋಲಿಯೆಂಬ ಫ್ರೆಂಚನು ಮೂರನೆಯ ನೆಪೋಲಿಯನ್ನನನ್ನು ಹಂಗಿಸಿ ಬರೆದ ಪುಸ್ತಕದಿಂದ ಕದ್ದದ್ದೆಂದು, ಸಾಲಿಗೆ ಸಾಲು ಹೊಂದಿಸಿ ತೋರಿಸಿದನು. ಮುಗಿಯಿತೇ? ಇಲ್ಲ. ಅಮೆರಿಕೆಯಲ್ಲಿ ಮೋಟಾರು ಮಾಡುವ ಹೆನ್ರಿ ಫೋರ್ಡನ ಪತ್ರಿಕೆಯು ಆಮೇಲೂ ಯೆಹೂದ್ಯರ ಮೇಲೆ ವಿಷ ಕಾರುತ್ತಲೇ ಇತ್ತು. 1927ರಲ್ಲಿ ಅವನು ಕ್ಷಮೆ ಕೇಳಿದನು. ಹಿಟ್ಲರನಿಗೆ ಆ ಕ್ಷಮೆಯೂ ಬೇಕಾಗಿರಲಿಲ್ಲ. ದ್ವೇಷದ ಬರಹಕ್ಕೆ ಪ್ರಮಾಣವು ತಗಲುವುದೇ ಇಲ್ಲ. ಅರೆಂಟಳ ಪುಸ್ತಕಕ್ಕಾದರೋ ಟ್ರಂಕರು ಉತ್ತರ ಬರೆದರು, ಜೇಕಬ್ ರಾಬಿನ್ಸನ್ 1965ರಲ್ಲಿ ಅದರ ತಪ್ಪುಗಳನ್ನು ಎಣಿಸುವುದಕ್ಕೇ ಒಂದು ಪುಸ್ತಕ ಬರೆದರು, ಶ್ಟಾಂಗ್‌ನೆತ್ ಬರೆದರು, ಉತ್ತರಗಳು ನಾಟಿದುವು. ನಾಟುವಂಥ ಮೈ ಆ ಪುಸ್ತಕಕ್ಕೆ ಇತ್ತು.

ಉಪಾಧ್ಯಾಯರು: ನಾಟಿದಾಗ ಆಕೆ ‘ಅಯ್ಯೋ’ ಎಂದಳೇ? ಬರ್ಲಿನ್ನಿನ ಹಿರಿಯ ಧರ್ಮಗುರು ಲಿಯೋ ಬೇಕರನ್ನು, ಹಿಟ್ಲರನಿಗೆ ಸಲ್ಲುತ್ತಿದ್ದ ಬಿರುದಿನಿಂದ ಕರೆದಿದ್ದಳಲ್ಲ, ಆ ಮಾತನ್ನು ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತೆಗೆದುಹಾಕಿದಳು. ತೆಗೆದೆನೆಂಬ ಒಂದು ಸಾಲಿನ ಪಶ್ಚಾತ್ತಾಪವಾದರೂ ಬೇಡವೇ?

ವಕೀಲರು: ಬೇಕಾಗಿತ್ತು.

ಉಪಾಧ್ಯಾಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ತಾವು ಇಷ್ಟು ಬೇಗ ಒಪ್ಪಿಬಿಟ್ಟರೆ ವಾದ ಮಾಡುವುದಕ್ಕೇ ಬೇಸರವಾಗುತ್ತದೆ. ಇರಲಿ. ಅಷ್ಟು ದೂರದ ಜನರ ದುಃಖವನ್ನು ಈ ಜಗಲಿಯ ಮೇಲೆ ಕುಳಿತು ತೂಗುವುದಕ್ಕೆ ನಮಗೆ ಅಧಿಕಾರವೇನಿದೆಯೆಂಬುದೂ ನನಗೆ ಒಂದು ಶಂಕೆ.

ವಕೀಲರು: ಅಷ್ಟೇನೂ ದೂರವಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳನ್ನು ರಚಿಸಿದ ಓಟೋ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನಲ್ಲಿ ಹುಟ್ಟಿ, ಯೆಹೂದ್ಯ ಮೂಲದವನೆಂಬ ಒಂದೇ ಕಾರಣಕ್ಕೆ 1933ರಲ್ಲಿ ಉದ್ಯೋಗ ಕಳೆದುಕೊಂಡು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಇಲ್ಲಿಗೆ ಬಂದವರಲ್ಲವೇ? ಆ ದ್ವೇಷವೆಂದರೆ ಏನೆಂಬುದು ಅವರ ಬದುಕನ್ನು ನೋಡಿದರೆ ಗೊತ್ತಾಗುತ್ತದೆ. ಅಂಥ ದ್ವೇಷಕ್ಕೆ ಇಟ್ಟ ಹೆಸರನ್ನು, ನಮಗೆ ಸಿಟ್ಟು ಬರಿಸಿದ ಒಂದು ಪುಸ್ತಕಕ್ಕೂ ಇಟ್ಟುಬಿಟ್ಟರೆ, ಕಳ್ಳನು ಬಂದಾಗ ಕೂಗುವುದಕ್ಕೆ ನಮ್ಮ ಬಳಿ ಯಾವ ಶಬ್ದವು ಉಳಿದಿರುತ್ತದೆ?

ಉಪಾಧ್ಯಾಯರು: ಆದರೂ ಪುಸ್ತಕದಲ್ಲಿ ಏನೋ ಒಂದು ಇಲ್ಲ, ವಕೀಲರೇ. ದ್ವೇಷವೆಂಬ ಶಬ್ದ ತಪ್ಪಾದರೆ ಸರಿಯಾದ ಶಬ್ದವನ್ನು ತಾವೇ ಹೇಳಿ.

ವಕೀಲರು: ಅದನ್ನು ಆಕೆಯ ಹಳೆಯ ಮಿತ್ರರೇ ಹೇಳಿದ್ದಾರೆ. ಜೆರೂಸಲೇಮಿನ ಮಹಾವಿದ್ವಾಂಸ ಗೆರ್ಷೋಮ್ ಶೋಲೆಮ್ 1963ರ ಜೂನ್ ತಿಂಗಳಿನಲ್ಲಿ ಬರೆದ ಕಾಗದದಲ್ಲಿ, ‘ಅಹವತ್ ಇಸ್ರಾಯೇಲ್’, ಎಂದರೆ ಸ್ವಜನಪ್ರೇಮ, ಈ ಪುಸ್ತಕದಲ್ಲಿ ಕಾಣಿಸುವುದಿಲ್ಲವೆಂದು ನೊಂದುಕೊಂಡರು. ಮಾತಿನಲ್ಲಿ ಹೃದಯವಿಲ್ಲ, ಕೊಂಕು ಇದೆ ಎಂದರು. ಅದರೊಡನೆಯೇ, ನಿನ್ನನ್ನು ನಮ್ಮ ಜನದ ಮಗಳೆಂದಲ್ಲದೆ ಬೇರೆ ಯಾವ ಬಗೆಯಲ್ಲಿಯೂ ನಾನು ಕಾಣೆನೆಂಬ ಅಭಿಪ್ರಾಯವನ್ನೂ ಬರೆದರು. ಎಷ್ಟು ಕೋಪ ಬಂದಿದ್ದರೂ ಯೆಹೂದ್ಯದ್ವೇಷವೆಂಬ ಮಾತನ್ನು ಆ ಮನುಷ್ಯರು ಬಳಸಲಿಲ್ಲ. ಪ್ರೇಮದ ಅಭಾವವೇ ದ್ವೇಷವಲ್ಲ. ಆ ಎರಡರ ನಡುವೆ ವಿಸ್ತಾರವಾದ ಬಯಲೊಂದಿದೆ, ಅರೆಂಟಳು ನಿಂತದ್ದು ಆ ಬಯಲಿನಲ್ಲಿ. ತಾನು ಯಾವ ಜನಾಂಗವನ್ನೂ, ಯಾವ ವರ್ಗವನ್ನೂ ಒಟ್ಟಾಗಿ ಪ್ರೀತಿಸಿದವಳಲ್ಲ, ತನ್ನ ಪ್ರೀತಿಯೇನಿದ್ದರೂ ಸ್ನೇಹಿತರಿಗೆ ಮಾತ್ರವೆಂದು ಆಕೆ ಉತ್ತರ ಕೊಟ್ಟಳು. ಆ ಉತ್ತರವು ತಮಗೆ ತಣ್ಣಗೆ ಕಾಣಬಹುದು.

ಉಪಾಧ್ಯಾಯರು: ಮಂಜಿನಷ್ಟು ತಣ್ಣಗಿದೆ.

ವಕೀಲರು: ಹಾಗಾದರೆ ಇನ್ನೊಂದು ಜಾಗ ತೋರಿಸುತ್ತೇನೆ. ವಿಚಾರಣೆಯಲ್ಲಿ ನೂರಕ್ಕೂ ಮೇಲ್ಪಟ್ಟು ಸಾಕ್ಷಿಗಳು ಬಂದರು. ಅವರಲ್ಲಿ ಸಿಂಡೆಲ್ ಗ್ರಿನ್‌ಷ್ಪಾನ್ ಎಂಬ ಮುದುಕನೊಬ್ಬ. ಅರೆಂಟಳು ಹುಟ್ಟಿದ ಹ್ಯಾನೋವರ್ ನಗರದಲ್ಲಿಯೇ ಬಹುಕಾಲ ವ್ಯಾಪಾರ ಮಾಡಿಕೊಂಡಿದ್ದವನು. 1938ರ ಅಕ್ಟೋಬರಿನಲ್ಲಿ ಅವನನ್ನೂ ಅವನ ಸಂಸಾರವನ್ನೂ ಮನೆಯಿಂದೆಬ್ಬಿಸಿ, ರೈಲಿನಲ್ಲಿ ತುಂಬಿ, ಪೋಲೆಂಡಿನ ಗಡಿಯತ್ತ ಚಾವಟಿಯಿಂದ ಹೊಡೆದು ಅಟ್ಟಿದರು. ಒಂದು ಶಬ್ದವನ್ನೂ ಹೆಚ್ಚು ಸೇರಿಸದೆ ಅವನು ಆ ಕಥೆಯನ್ನು ಹೇಳಿ ಮುಗಿಸಿದನು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅದನ್ನು ಕೇಳಿದ ಮೇಲೆ, ನೊಂದವರೆಲ್ಲರಿಗೂ ನ್ಯಾಯಾಲಯದಲ್ಲಿ ಹೀಗೊಂದು ದಿನ ಸಿಗಬೇಕೆಂದು ತನಗೆ ಅನ್ನಿಸಿತೆಂದು ಈ ತಣ್ಣನೆಯ ಹೆಂಗಸು ಬರೆದಳು. ಹತ್ತಾರು ಸಾಕ್ಷಿಗಳ ಮಾತು ಅಪ್ರಸ್ತುತವೆಂದು ಗೊಣಗಿದವಳೇ ಆ ಮುದುಕನ ಮುಂದೆ ತನ್ನ ವಾದವನ್ನು ಸಡಿಲಿಸಿದಳು. ತಾವು ಆ ಪುಟಗಳನ್ನು ಸಿಟ್ಟಿನಲ್ಲಿ ದಾಟಿಬಿಟ್ಟಿರೆಂದು ತೋರುತ್ತದೆ.

ಉಪಾಧ್ಯಾಯರು: ದಾಟಿರಬಹುದು. ಎಲ್ಲಿದೆ ಅದು?

ವಕೀಲರು: ಸಾಕ್ಷಿಗಳನ್ನು ಕುರಿತ ಅಧ್ಯಾಯದಲ್ಲಿದೆ, ಪುಸ್ತಕದ ಕೊನೆಯ ಭಾಗದಲ್ಲಿ. 1963ರ ಈ ಪುಸ್ತಕವು ಹೀಬ್ರೂ ಭಾಷೆಗೆ ಬಂದದ್ದು ಯಾವಾಗ ಬಲ್ಲಿರಾ? 2000ದಲ್ಲಿ! ಯಾರ ಊರಿನಲ್ಲಿ ವಿಚಾರಣೆ ನಡೆಯಿತೋ ಅವರು ತಮ್ಮ ಭಾಷೆಯಲ್ಲಿ ಇದನ್ನು ಓದಿ ಬೈಯುವುದಕ್ಕೆ ಮೂವತ್ತೇಳು ವರ್ಷ ಕಾಯಬೇಕಾಯಿತು.

ಉಪಾಧ್ಯಾಯರು: (ಮೇಜಿನ ಮೇಲಿದ್ದ ಪುಸ್ತಕವನ್ನು ಮತ್ತೆ ಕೈಚೀಲಕ್ಕೆ ಸೇರಿಸುತ್ತ) ನಾನು ಒಪ್ಪಿದೆನೆಂದು ತಿಳಿಯಬೇಡಿ. ಬಾಬಿ ಯಾರಿನ ಪ್ರಶ್ನೆಗೆ ತಾವು ಉತ್ತರ ಕೊಟ್ಟಿಲ್ಲ, ತಲೆದೂಗಿದ್ದೀರಿ ಅಷ್ಟೆ. ಇನ್ನೊಂದು ವಾರ ಇದು ನನ್ನಲ್ಲಿರಲಿ. ಆ ಶೋಲೆಮ್ಮರ ಕಾಗದವಿದ್ದರೆ ಅದನ್ನೂ ಕೊಡಿ.

ವಕೀಲರು: ಇದೆ. ಆಕೆಯ ಉತ್ತರವೂ ಅದೇ ಸಂಪುಟದಲ್ಲಿದೆ. ಒಂದರ ಹಿಂದೆಯೇ ಇನ್ನೊಂದನ್ನು ಓದಬೇಕು.

ಉಪಾಧ್ಯಾಯರು: ಕಾಗದವನ್ನು ಈ ರಾತ್ರಿ ಓದುತ್ತೇನೆ. ಉತ್ತರ ನಾಳೆಗಿರಲಿ, ಬರೆದವರಿಗೂ ಅದು ಮರುದಿನವೇ ಸಿಕ್ಕಿರಲಿಲ್ಲವಲ್ಲ.